ಚಾಂಗು ಬೆಲ್ಟು ಮತ್ತು ಅವಳಿಗಳಲ್ಲಿ ಕಿರಿಯವನು

ಕಿನ್ಶಾಸಾದ ನಮ್ಮ ಮಸೀನಾ ಕೇರಿಯಲ್ಲಿ ಅವಳಿ ಹುಟ್ಟಿದರೆ ಹೆಸರಿಗೆ ಹುಡುಕಾಡುವಂತಿಲ್ಲ. ಮೊದಲು ಹೊರಗೆ ಬಂದದ್ದು ನ್ಸಿಂಬಾ, ಹಿಂದೆ ಬಂದದ್ದು ನ್ಜೂಜಿ. ಹೆತ್ತವಳ ಹೆಸರೂ ಅವತ್ತಿಗೆ ಮುಗಿಯಿತು. ಆಮೇಲೆ ಊರಿಗೆಲ್ಲ ಅವಳು ಮಾಪಾಸಾ ಅಮ್ಮ, ಅಂದರೆ ಅವಳಿಗಳ ತಾಯಿ. ನಮ್ಮ ವಠಾರದ ಮಾಪಾಸಾ ಅಮ್ಮನ ಗಂಡುಮಕ್ಕಳಿಬ್ಬರೂ ನನ್ನ ಓರಗೆಯವರು. ಒಂದೇ ಹಣೆ, ಒಂದೇ ಮೂಗು, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬಾರದಂಥ ಒಂದೇ ಭುಜ. ಬೆನ್ನು ಮಾತ್ರ ಕಂಡಾಗ ಹೆತ್ತವಳೇ ತಪ್ಪು ಹೆಸರು ಕೂಗುತ್ತಿದ್ದಳು. ಬಾಯಿ ತೆರೆದರೆ ಮಾತ್ರ ಗೊತ್ತಾಗಿಬಿಡುತ್ತಿತ್ತು. ನ್ಸಿಂಬಾ ನಗುತ್ತಲೇ ಮಾತು ಶುರುಮಾಡುವವನು. ನ್ಜೂಜಿ ಮೊದಲು ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, ಕೊನೆಗೆ ಮಾತೇ ಬೇಡವೆಂದು ಸುಮ್ಮನಾಗುವವನು.

ನ್ಜೂಜಿ ಹೆದರುವುದಕ್ಕೆ ಇಂಥದ್ದೇ ಆಗಬೇಕೆಂದಿರಲಿಲ್ಲ. ನಾಯಿ, ಪೊಲೀಸಿನವರು, ಗುರುತಿಲ್ಲದವರ ನಗು, ಏನು ಕಂಡರೂ ಅವನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮಾರುಕಟ್ಟೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿದ್ದ. ಮೂರಾಳು ಹೊರುವ ಮೆಕ್ಕೆಜೋಳದ ಹಿಟ್ಟಿನ ಮೂಟೆಯನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕುತ್ತಿದ್ದ. ಆದರೆ ಬಾಡಿಗೆ ಕಡಿಮೆ ಕೊಟ್ಟವರನ್ನು "ಇನ್ನಷ್ಟು ಕೊಡಿ" ಎಂದು ಕೇಳಿದ್ದನ್ನು ನಾನು ನೋಡಿಲ್ಲ.

ಅಣ್ಣ ನ್ಸಿಂಬಾ ಕುಸ್ತಿಯವನು. ಅಖಾಡದಲ್ಲಿ ಅವನ ಹೆಸರು ನ್ಗಾಂಡೊ, ಮೊಸಳೆ ಎಂದರ್ಥ. ನಾನು ಮೆರವಣಿಗೆಯ ಬ್ಯಾಂಡಿನಲ್ಲಿ ಕಹಳೆ ಊದುವವನು. ಭಾನುವಾರ ಕುಸ್ತಿಗೆ ಮುಂಚೆ ಹಳೇ ಪಿಕಪ್ ಗಾಡಿಯ ಮೇಲೆ ಕುಸ್ತಿಯವರು ನಿಂತು ಕೇರಿ ಕೇರಿ ಸುತ್ತುತ್ತಾರೆ, ಹಿಂದೆ ನಾವು ಡೋಲು ಕಹಳೆ ಹಿಡಿದು ಓಡುತ್ತೇವೆ. ಹಾಗಾಗಿ ಮುಂದೆ ಆದದ್ದೆಲ್ಲ ನನ್ನ ಕಣ್ಣೆದುರೇ ಆಯಿತು.

ಬೆಲ್ಟಿನ ವಿಷಯ ಹೇಳದೆ ಕತೆ ಮುಂದೆ ಹೋಗುವುದಿಲ್ಲ. ಕಿನ್ಶಾಸಾದ ಪೂರ್ವದ ಕೇರಿಗಳನ್ನೆಲ್ಲ ಸೇರಿಸಿ ಚಾಂಗು ಅನ್ನುತ್ತೇವೆ. ಚಾಂಗುವಿನ ಕುಸ್ತಿಪಟ್ಟದ ಬೆಲ್ಟನ್ನು ಮಾಡಿದವನು ಹಡಗು ರಿಪೇರಿಯ ಕಿಲೋಲೋ. ಮುರಿದು ಹಾಕಿದ ನದಿಹಡಗಿನಿಂದ ಹಿತ್ತಾಳೆ ತಗಡು ಕತ್ತರಿಸಿ, ಎತ್ತಿನ ತೊಗಲಿಗೆ ಹೊಡೆದು, ಸೊಂಟಕ್ಕೆ ಕಟ್ಟಿಕೊಂಡು, "ಇವತ್ತಿನಿಂದ ನಾನೇ ಚಾಂಪಿಯನ್, ಬೇಕಾದವರು ಬಂದು ಬಿಚ್ಚಿಕೊಳ್ಳಿ" ಎಂದನಂತೆ. ಬಿಚ್ಚಿಕೊಂಡವನು ಮಟನ್ ಅಂಗಡಿಯ ಗಿಂಬೊಂಡೊ. ಅವನನ್ನು ನೆಲದಿಂದ ಎತ್ತುವವರೇ ಇಲ್ಲದೆ ಬೆಲ್ಟು ವರ್ಷಗಟ್ಟಲೆ ಅವನ ಅಂಗಡಿಯ ಕೊಕ್ಕೆಗೆ ನೇತುಬಿದ್ದಿತ್ತು. ಮಂಡಿ ಹೋದ ಮೇಲೆ ಅವನು ಇಯೆಲಿ ಎಂಬ ಹುಡುಗನಿಗೆ ಸೋತ. ಊರಿಗೆ ಊರೇ ಅಂಗಡಿಗಳಿಗೆ ನುಗ್ಗಿ ಲೂಟಿ ಮಾಡಿದ ವರ್ಷ ಇಯೆಲಿ ಬೆಲ್ಟಿನ ಸಮೇತ ನದಿ ದಾಟಿ ಬ್ರಾಜಾವಿಲ್‌ಗೆ ಓಡಿಹೋದ. ಇಲ್ಲಿನವರು ರಟ್ಟಿನ ಬೆಲ್ಟಿಗೆ ಬಣ್ಣ ಬಳಿದು ಅದಕ್ಕೇ ಹೊಡೆದಾಡಿದರು. ಇಯೆಲಿ ವಾಪಸು ಬಂದಾಗ ಚಾಂಪಿಯನ್ ಇಬ್ಬರು! ರಟ್ಟಿನ ಬೆಲ್ಟಿನವನು ಎಬೆಂಗೊ, 'ಚಿರತೆ' ಎಂದು ಹೆಸರು ಮಾಡಿದವನು. ಫುಟ್ಬಾಲ್ ಬಯಲಿನಲ್ಲಿ ಇಬ್ಬರೂ ಹೊತ್ತು ಮುಳುಗುವವರೆಗೆ ಕಾದಾಡಿ, ಎಬೆಂಗೊ ಗೆದ್ದು, ರಟ್ಟನ್ನು ಅಲ್ಲೇ ಹರಿದು ಹಿತ್ತಾಳೆ ಕಟ್ಟಿಕೊಂಡ. ಆ ದಿನದ ಜನಜಂಗುಳಿಯಲ್ಲಿ ನಾನು ಕಳಕೊಂಡ ಚಪ್ಪಲಿ ಇನ್ನೂ ಸಿಕ್ಕಿಲ್ಲ.

ಎಬೆಂಗೊನನ್ನು ಜನ ನೋಡಲು ಬರುತ್ತಿದ್ದದ್ದು ಕುಸ್ತಿಯ ಪಟ್ಟಿಗಲ್ಲ, ಮಾಟಕ್ಕೆ. ಎದುರಾಳಿಯ ಹೊಟ್ಟೆಗೆ ಕೈ ಇಟ್ಟು, ಕಣ್ಣು ಮೇಲೆ ಮಾಡಿ, ಏನೇನೋ ಗೊಣಗಿ, ಕರುಳು ಹೊರಗೆಳೆಯುತ್ತಿದ್ದ. ಮಾರುಗಟ್ಟಲೆ ಕರುಳು, ರಕ್ತ ಸುರಿಯುತ್ತ ಬರುತ್ತಿತ್ತು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿ, ತಾವು ಮಾತ್ರ ಬೆರಳ ಸಂದಿಯಿಂದ ನೋಡುತ್ತಿದ್ದರು. ಅದು ಮೇಕೆಯ ಕರುಳು. ಬೆಳಗ್ಗೆ ಯಾರನ್ನಾದರೂ ಕಳಿಸಿ ಕೊಂಡು ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸೋಲುವವನ ಚಡ್ಡಿಯೊಳಗೆ ಸೇರಿಸುತ್ತಿದ್ದರು. ಅಖಾಡದ ಕೆಲಸದವರಿಗೆ, ಬ್ಯಾಂಡಿನವರಿಗೆ ಇದು ಗೊತ್ತು. ಗೊತ್ತಿದ್ದೂ ನಾವು ಎಬೆಂಗೊ ಮುಟ್ಟಿದ ಲೋಟದಲ್ಲಿ ನೀರು ಕುಡಿಯುತ್ತಿರಲಿಲ್ಲ. ಯಾಕೆಂದರೆ ಅವನ ಕೈಯಲ್ಲಿ ಒಂದು ಬಟ್ಟೆಗಂಟು ಇರುತ್ತಿತ್ತು. ಮೇಲುನದಿಯ ಕಡೆಯ ಮಂತ್ರವಾದಿಯೊಬ್ಬ ಕೊಟ್ಟದ್ದು. ಅದರೊಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ.

ಅಖಾಡದ ಹಲಗೆ, ಹಗ್ಗ, ಗೇಟಿನ ಕಾಸು ಎಲ್ಲದಕ್ಕೂ ಯಜಮಾನ ಮವುಂಗು. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎನ್ನುವುದೂ ಅವನದೇ ತೀರ್ಮಾನ. ಜನಕ್ಕೆ ಹೊಸ ಮುಖ ಬೇಕಾಗಿದೆ ಎಂದು ಅವನಿಗನ್ನಿಸಿ, ನ್ಸಿಂಬಾಗೆ ಪಟ್ಟ ಎಂದು ಗೊತ್ತುಮಾಡಿದ. ಆ ಭಾನುವಾರ ಎಬೆಂಗೊ ಎಂದಿನಂತೆ ಕರುಳು ಎಳೆದ. ನ್ಸಿಂಬಾ ನೆಲದ ಮೇಲೆ ಒದ್ದಾಡಿದ. ಆಮೇಲೆ, ಮಾತಾಡಿಕೊಂಡಿದ್ದ ಹಾಗೇ, ಎದ್ದು ನಿಂತು, ಖಾಲಿ ಹೊಟ್ಟೆ ತಟ್ಟಿಕೊಂಡು ನಕ್ಕು, ಚಿರತೆಯನ್ನು ಎತ್ತಿ ಕೆಡವಿದ. ಮಸೀನಾ ಹುಚ್ಚೆದ್ದು ಕುಣಿಯಿತು. ಹಗ್ಗದ ಪಕ್ಕದಲ್ಲಿ ನಿಂತಿದ್ದ ನ್ಜೂಜಿ ಮಾತ್ರ ಎರಡೂ ಕೈಯಿಂದ ತನ್ನ ಹೊಟ್ಟೆ ಹಿಡಿದುಕೊಂಡಿದ್ದ.

"ಏನೋ, ಸುಳ್ಳು ಕರುಳು ಕಣೋ. ನೀನೇ ಕೊಂಡು ತಂದಿದ್ದಲ್ವಾ?" ಅಂದೆ.

"ಗೊತ್ತು. ಆದ್ರೂ ಇಲ್ಲಿ ಹಿಡಿದು ಎಳೆದ ಹಾಗಾಯ್ತು, ಲುಕೋಕಿ."

ಬೆಲ್ಟು ಕಟ್ಟಿಕೊಂಡು ಎರಡು ವಾರ ಆಗುವುದರೊಳಗೆ ನ್ಸಿಂಬಾಗೆ ಜ್ವರ ಬಂತು. ಮಲೇರಿಯಾ ಎಂದು ಮಾತ್ರೆ ನುಂಗಿದ. ಹೊಟ್ಟೆ ಕಲ್ಲಾಯಿತು. ತಮ್ಮನ ತಳ್ಳುಗಾಡಿಯಲ್ಲೇ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಡಾಕ್ಟರು ನೋಡಿ, ಟೈಫಾಯ್ಡ್, ತಡ ಮಾಡಿದಿರಿ, ಕರುಳಿಗೆ ತೂತು ಬಿದ್ದಿದೆ ಎಂದರು. ಮಾರನೇ ದಿನ ಮಧ್ಯಾಹ್ನ ಅವನು ತೀರಿಕೊಂಡ.

ಡಾಕ್ಟರು ಹೇಳಿದ್ದರಲ್ಲಿ ಮಸೀನಾಕ್ಕೆ ಕೇಳಿಸಿದ್ದು ಒಂದೇ ಮಾತು: ಕರುಳು.

ಮಾಪಾಸಾ ಅಮ್ಮ ಹೆಣದ ಮುಂದೆ ಕೂತು ನಮಗೆಲ್ಲ ಕೈಯೆತ್ತಿ ತಡೆದಳು. "ಯಾರೂ ಅಳಕೂಡದು. ಅವಳಿಯಲ್ಲಿ ಒಂದು ಹೋಯ್ತು ಅಂತ ಅತ್ತರೆ ಇನ್ನೊಂದಕ್ಕೆ ಕೇಳಿಸಿ ಅದೂ ಹಿಂದೆ ಹೋಗುತ್ತೆ. ನನ್ನ ಮಗ ಕಟ್ಟಿಗೆ ತರೋಕೆ ಹೋಗಿದಾನೆ. ಅಷ್ಟೇ." ಅವಳ ಕಣ್ಣು ಒಣಗಿತ್ತು. ನ್ಜೂಜಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದ.

ಅಲ್ಲಿಂದ ಅವನಿಗೆ ಬದುಕುವುದೇ ಕಷ್ಟವಾಯಿತು. ಸತ್ತವನ ಮುಖ ಹೊತ್ತು ಬೀದಿಯಲ್ಲಿ ಹೋಗುವವನು ಅವನು. ಎದುರು ಬಂದವರು ಇನ್ನೊಂದು ಬದಿಗೆ ದಾಟುತ್ತಿದ್ದರು. ಮಕ್ಕಳು "ನ್ಗಾಂಡೊ ಎದ್ದು ಬಂದ!" ಎಂದು ಕಿರುಚಿ ಓಡುತ್ತಿದ್ದರು. ಮಾರುಕಟ್ಟೆಯ ಹೆಂಗಸರು, ಹತ್ತು ವರ್ಷದಿಂದ ಇವನ ಗಾಡಿಗೇ ಕಾಯುತ್ತಿದ್ದವರು, "ಇವತ್ತು ಮೂಟೆ ಇಲ್ಲಪ್ಪ" ಅನ್ನತೊಡಗಿದರು. ಮೂಟೆಗಳು ಅವರ ಹಿಂದೆಯೇ ಕಾಣುತ್ತಿದ್ದವು. ಮನೆಯಲ್ಲಿದ್ದ ಒಂದು ತುಂಡು ಕನ್ನಡಿಯನ್ನು ಅವನು ಗೋಡೆಗೆ ತಿರುಗಿಸಿ ಇಟ್ಟ. ಊಟ ಇಳಿಯುತ್ತಿರಲಿಲ್ಲ. ಬೆಲ್ಟು ಅಣ್ಣನ ಹಾಸಿಗೆಯ ಮೇಲೆ ಬಿದ್ದಿತ್ತು, ಅದನ್ನು ಮುಟ್ಟುವವರಿರಲಿಲ್ಲ.

ಇತ್ತ ಎಬೆಂಗೊನ ಪಾಡು ಇದಕ್ಕಿಂತ ಘೋರವಾಯಿತು. ಅವನ ಮನೆಯ ತಗಡಿನ ಮೇಲೆ ದಿನಾ ಕಲ್ಲು ಬೀಳುತ್ತಿತ್ತು. ಬಾಗಿಲು ಮುರಿದರು. ಹೆಂಡತಿ ಬೊಲುಂಬು ನೀರಿಗೆ ಹೋದರೆ ನಲ್ಲಿಯ ಸಾಲಿನಲ್ಲಿದ್ದವರು ಬಿಂದಿಗೆ ಎತ್ತಿಕೊಂಡು ಚದುರುತ್ತಿದ್ದರು. ಕುಡಿದ ಹುಡುಗರು ಟೈರು, ಪೆಟ್ರೋಲು ಎಂದು ಮಾತಾಡುವುದು ನನ್ನ ಕಿವಿಗೇ ಬಿತ್ತು. ನಮ್ಮ ಕಡೆ ಮಾಟಗಾರನೆಂದು ಹೆಸರು ಬಿದ್ದವನ ಕೊರಳಿಗೆ ಟೈರು ಹಾಕಿ ಬೆಂಕಿ ಹಚ್ಚಿದ್ದನ್ನು ನಾನು ಒಮ್ಮೆ ನೋಡಿದ್ದೆ. ಇನ್ನೊಮ್ಮೆ ನೋಡುವ ಎದೆ ನನಗಿಲ್ಲ.

ಒಂದು ಮಟಮಟ ಮಧ್ಯಾಹ್ನ, ಬಿಸಿಲಿಗೆ ಬೀದಿ ಖಾಲಿಯಾಗಿದ್ದಾಗ, ನಮ್ಮ ವಠಾರದ ಹಿಂಬಾಗಿಲಿಂದ ಹೆಂಗಸೊಬ್ಬಳು ಬಂದಳು. ಹೂವಿನ ಬಟ್ಟೆ ಸುತ್ತಿ ತಲೆಗೂ ಅದನ್ನೇ ಎಳೆದುಕೊಂಡಿದ್ದಳು. ಹತ್ತಿರ ಬಂದಾಗ ಕಾಲು ಕಂಡಿತು, ಕಂಬದಂಥ ಕಾಲು. ಎಬೆಂಗೊ! ನ್ಜೂಜಿ ಮಾವಿನ ಮರದ ಕೆಳಗೆ ಗಾಡಿಯ ಚಕ್ರ ಬಿಚ್ಚುತ್ತಿದ್ದವನು ಸ್ಪ್ಯಾನರ್ ಬಿಟ್ಟು ಎದ್ದು ಹಿಂದೆ ಹಿಂದೆ ಸರಿದ. ಎಬೆಂಗೊ ಮಣ್ಣಿನಲ್ಲಿ ಮಂಡಿಯೂರಿದ.

"ತಮ್ಮಾ, ನಿನ್ನಣ್ಣನ್ನ ನಾನು ಕೊಂದಿಲ್ಲ. ಮೇಕೆ ಕರುಳು ಕಣಪ್ಪ ಅದು. ನೀನೇ ತಂದ್ಕೊಟ್ಟಿದ್ದೆ."

ನಾನೇ ಕೇಳಿದೆ. "ಮತ್ತೆ ನಿಮ್ಮ ಕೈಯಲ್ಲಿದ್ದ ಗಂಟು?"

ಎಬೆಂಗೊ ನೆಲ ನೋಡಿದ. "ಅದೊಂದೇ ನನ್ನ ನಿದ್ದೆ ಕೆಡಿಸಿರೋದು ಲುಕೋಕಿ. ಮಂತ್ರವಾದಿ ಕೊಟ್ಟಾಗ, ಇಟ್ಕೋ, ಶಕ್ತಿ ಬರುತ್ತೆ ಅಂದ. ಏನು ಶಕ್ತಿ ಅಂತ ನಾನು ಕೇಳಲಿಲ್ಲ. ಇಷ್ಟು ವರ್ಷ ಎಷ್ಟೋ ಜನರ ಹೊಟ್ಟೆ ಮುಟ್ಟಿದೀನಿ, ಯಾರಿಗೂ ಏನೂ ಆಗಿಲ್ಲ. ಅವತ್ತು ಮಾತ್ರ ಸೋಲ್ಬೇಕು ಅಂತ ಹೇಳಿದ್ರಲ್ಲ, ಒಳಗೆ ಸ್ವಲ್ಪ ಉರಿ ಇತ್ತು. ಆ ಉರಿಯಲ್ಲಿ ಏನಾದ್ರೂ ಹೊರಟುಹೋಯ್ತಾ? ನನಗೇ ಗೊತ್ತಿಲ್ಲ. ಗಂಟನ್ನ ನದಿಗೆ ಹಾಕಿ ಬಂದೆ."

ಅಲ್ಲಿಯವರೆಗೆ ನಾನು ಹೆದರಿರಲಿಲ್ಲ. ಈ ಮಾತು ಕೇಳಿ ಬೆನ್ನು ತಣ್ಣಗಾಯಿತು.

"ನಂಗೇನು ಮಾಡಬೇಕು ಅಂತೀರಿ?" ನ್ಜೂಜಿ ಕೊನೆಗೂ ಕೇಳಿದ.

"ಅಖಾಡಕ್ಕೆ ಬಾ. ಇನ್ನೊಬ್ಬರು ಬಂದರೆ ಆಗಲ್ಲ. ಜನಕ್ಕೆ ನೀನೂ ಅವನೂ ಒಂದೇ. ಎಲ್ಲರ ಎದುರು ನನ್ನ ಕೈ ನಿನ್ನ ಹೊಟ್ಟೆ ಮೇಲೆ ಬೀಳಲಿ, ನೀನು ನಿನ್ನ ಕಾಲ ಮೇಲೆ ಮನೆಗೆ ಹೋಗು. ಆಗ ನನ್ನ ಮಕ್ಕಳನ್ನ ಬಿಡ್ತಾರೆ."

ಮಾಪಾಸಾ ಅಮ್ಮ ಒಲೆಯ ಮುಂದಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಸೌಟು ಹಿಡಿದೇ ಬಂದಳು. "ಒಬ್ಬನ್ನ ತಿಂದಿದ್ದು ಸಾಲ್ದಾ? ಎದ್ದೇಳೋ ನನ್ನ ಅಂಗಳದಿಂದ!" ಅವನು ಎದ್ದ. ಬಟ್ಟೆ ತಲೆಗೆಳೆದುಕೊಳ್ಳಲು ಹೋದಾಗ ಅದು ಜಾರಿತು. ಅವನ ಹಣೆಯ ಮೇಲೆ ಕಲ್ಲಿನೇಟಿನ ಗಾಯ ಹಸಿಯಾಗಿತ್ತು. ಮಾಪಾಸಾ ಅಮ್ಮ ಅದನ್ನು ನೋಡಿ ಸೌಟು ಇಳಿಸಿದಳು, ಆದರೆ ಮಾತು ಬದಲಿಸಲಿಲ್ಲ.

ನಾಲ್ಕನೆಯ ದಿನ ನ್ಜೂಜಿ ಗಾಡಿಗೆ ಎಣ್ಣೆ ಹಾಕುತ್ತ ಹೇಳಿದ: "ಅವನನ್ನ ಸುಟ್ಟರೆ, ಅದು ನಮ್ಮಣ್ಣನ ಹೆಸರಲ್ಲಿ ಸುಡ್ತಾರೆ. ನಮ್ಮಣ್ಣ ಇರುವೆ ಮೇಲೂ ಕಾಲಿಡ್ತಿರಲಿಲ್ಲ."

"ಹೆದರಿಕೆ ಆಗಲ್ವೇನೋ?"

"ಆಗುತ್ತೆ. ಆದ್ರೂ ಹೋಗ್ತೀನಿ."

ಯಜಮಾನ ಮವುಂಗುವಿಗೆ ಸುದ್ದಿ ಮುಟ್ಟಿದ್ದೇ ತಡ, ಕುಣಿಯುತ್ತ ಬಂದ. "ಭೇಷ್! ಹೀಗೆ ಮಾಡೋಣ. ಶವಪೆಟ್ಟಿಗೆ ತರಿಸ್ತೀನಿ. ನೀನು ಒಳಗೆ ಮಲಗು. ಬ್ಯಾಂಡು ನಿಲ್ಲುತ್ತೆ. ಮುಚ್ಚಳ ತೆಗೆದು ಎದ್ದು ಕೂತ್ಕೋ. ಊರೇ ಬರುತ್ತೆ, ಗೊಂಬೆ ಬಡಾವಣೆಯ ದೊಡ್ಡ ಸಾಹೇಬರೂ ಕಾರಲ್ಲಿ ಬರ್ತಾರೆ!"

"ಪೆಟ್ಟಿಗೆ ತಂದ್ರೆ ನಾನು ಬರಲ್ಲ."

"ಅರೇ, ಬರೀ ಆಟ ಕಣಯ್ಯ."

"ಅಣ್ಣನೂ ಹಂಗೇ ಅಂತಿದ್ದ ಯಜಮಾನ್ರೇ."

ಮವುಂಗು ಪೆಟ್ಟಿಗೆಯ ಮಾತು ಬಿಟ್ಟ. ಕೊನೆಗೆ ಗೊತ್ತಾದದ್ದು ಇಷ್ಟು: ನ್ಜೂಜಿ ಅಣ್ಣನ ಹಸಿರು ಚಡ್ಡಿ ಹಾಕಿ, ಬೆಲ್ಟು ಕಟ್ಟಿಕೊಂಡು ಬರುವುದು. ಎಬೆಂಗೊ ಅವನ ಹೊಟ್ಟೆಗೆ ಕೈ ಹಾಕಿ ಎಳೆಯುವುದು, ಏನೂ ಬಾರದಿರುವುದು. ಆಮೇಲೆ ಮಾಟವಿಲ್ಲದೆ ಬರೀ ಪಟ್ಟಿನಲ್ಲಿ ಎಬೆಂಗೊ ಗೆಲ್ಲುವುದು, ಬೆಲ್ಟು ತೆಗೆದುಕೊಳ್ಳುವುದು, ಇಬ್ಬರೂ ತಬ್ಬಿಕೊಳ್ಳುವುದು. ಬೆಲ್ಟನ್ನು ಬದುಕಿರುವ ಸೊಂಟದಿಂದಲೇ ಬಿಚ್ಚಬೇಕು ಎಂಬ ಹಳೇ ಕಟ್ಟಳೆಗೂ ಇದು ಒಪ್ಪುತ್ತಿತ್ತು.

ಆ ಭಾನುವಾರ ಬೆಳಗ್ಗೆ ಅಖಾಡದ ಹಲಗೆಗಳನ್ನು ನ್ಜೂಜಿಯೇ ತನ್ನ ಗಾಡಿಯಲ್ಲಿ ಸಾಗಿಸಿದ. ಬೇರೆ ಕೂಲಿಯವರು ಬರಲು ಒಪ್ಪಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ನಾನು ಅವನಿಗೆ ಬೆಲ್ಟು ಕಟ್ಟಿದೆ. ತೊಗಲು ಅಣ್ಣನ ಅಳತೆಗೆ ಬಗ್ಗಿದ್ದರಿಂದ ಸೊಂಟಕ್ಕೆ ತಾನಾಗಿ ಕೂತಿತು. ಅವನ ಮೈಯೆಲ್ಲ ಮುಳ್ಳೆದ್ದಿತು. ಮಾಪಾಸಾ ಅಮ್ಮ ಹೊರಗೆ ಬರಲೇ ಇಲ್ಲ.

ನಾನು ಎಷ್ಟೋ ಮೆರವಣಿಗೆಯಲ್ಲಿ ಊದಿದ್ದೇನೆ, ಅಷ್ಟು ಮೌನವಾದ ಮೆರವಣಿಗೆ ನೋಡಿಲ್ಲ. ಪಿಕಪ್ ಮೇಲೆ ಅವನು ಕಂಬಿ ಹಿಡಿದು ನಿಂತಿದ್ದ. ಜನ ಬಾಗಿಲುಗಳಿಂದ ಹೊರಗೆ ಬಂದು, ಅವನನ್ನು ಕಂಡು, ಎದೆ ಮೇಲೆ ಶಿಲುಬೆ ಗುರುತು ಮಾಡಿ, ಹಿಂದೆ ಹಿಂದೆ ಬಂದರು. ಅಖಾಡ ತಲುಪುವ ಹೊತ್ತಿಗೆ ಹಿಂದೆ ಬೀದಿಯೇ ಕಾಣದಷ್ಟು ಮಂದಿ.

ಎಬೆಂಗೊ ಆಗಲೇ ಹಗ್ಗದೊಳಗೆ ನಿಂತಿದ್ದ. ಚಿರತೆ ಬಣ್ಣದ ಬಟ್ಟೆ ಅವನ ಮೈಗೆ ದೊಡ್ಡದಾಗಿತ್ತು, ಅಷ್ಟು ಇಳಿದುಹೋಗಿದ್ದ. ನ್ಜೂಜಿ ಹಗ್ಗ ದಾಟಿ ಒಳಗೆ ಬಂದಾಗ ಎಬೆಂಗೊನ ಬಾಯಿ ತೆರೆದೇ ಉಳಿಯಿತು. ವಠಾರದಲ್ಲಿ ಮಂಡಿಯೂರಿದಾಗ ಅವನು ಕಂಡದ್ದು ಮಾಸಿದ ಬನಿಯನ್ನಿನ ನ್ಜೂಜಿಯನ್ನು. ಈಗ ಎದುರಿಗೆ ಹಸಿರು ಚಡ್ಡಿ, ಹಿತ್ತಾಳೆ ಬೆಲ್ಟು, ಅದೇ ಮುಖ.

ರೆಫರಿ ಸೀಟಿ ಊದಿದ. ಇಬ್ಬರೂ ಅಲ್ಲಾಡಲಿಲ್ಲ. ಮವುಂಗು ಕೆಳಗಿನಿಂದ "ಕೈ ಹಾಕೋ, ಕೈ ಹಾಕೋ" ಎಂದು ಹಲ್ಲು ಕಚ್ಚಿ ಹೇಳುತ್ತಿದ್ದ. ಎಬೆಂಗೊ ಒಂದು ಹೆಜ್ಜೆ ಬಂದ. ಕೈ ಚಾಚಿದ. ಅಂಗೈ ಹೊಟ್ಟೆಗೆ ತಾಗಿದ್ದೇ, ನ್ಜೂಜಿ ಕಣ್ಣು ಗಟ್ಟಿಯಾಗಿ ಮುಚ್ಚಿದ. ಅವನ ತುಟಿ ಬೆಳ್ಳಗಾದದ್ದು ನಾನಿದ್ದಲ್ಲಿಗೆ ಕಾಣುತ್ತಿತ್ತು. ಹೆದರಿದವನು ಅವನೊಬ್ಬನೇ ಅಲ್ಲ. ಎಬೆಂಗೊನ ಕೈ ಅಲ್ಲೇ ಅಂಟಿಕೊಂಡಂತೆ ನಿಂತಿತ್ತು.

"ನ್ಸಿಂಬಾ, ನನ್ನ ಬಿಟ್ಬಿಡೋ," ಅಂದ ಎಬೆಂಗೊ. ಆಟದ ಮಾತಲ್ಲ ಅದು.

"ನಾನು ನ್ಜೂಜಿ ಕಣಣ್ಣಾ. ನೋಡಿ ಇಲ್ಲಿ, ನ್ಜೂಜಿ."

ಎಬೆಂಗೊನ ಕಣ್ಣಾಲಿ ಮೇಲಕ್ಕೆ ಹೋಯಿತು. ಮರದ ಕೊಂಬೆ ಮುರಿದು ಬಿದ್ದ ಹಾಗೆ ಅವನು ಹಿಂದಕ್ಕೆ ಬಿದ್ದ. ಹಲಗೆ ಸದ್ದಾಯಿತು. ರೆಫರಿಗೆ ಏನು ಮಾಡಬೇಕೋ ತಿಳಿಯದೆ, ಅಭ್ಯಾಸದಂತೆ ಎಣಿಸಿಬಿಟ್ಟ. ಎಣಿಸಿ ಮುಗಿದಾಗ ಚಾಂಗುವಿನ ಚಾಂಪಿಯನ್ ನ್ಜೂಜಿ. ಅವನು ಒಂದು ಬೆರಳನ್ನೂ ಎತ್ತಿರಲಿಲ್ಲ.

ಆಮೇಲೆ ಯಾರೋ ಹೆಂಗಸು ಚೀರಿದಳು: "ನ್ಗಾಂಡೊ ಬಂದು ಸೇಡು ತೀರಿಸಿಕೊಂಡ!" ಅದಕ್ಕೆ ಇನ್ನೊಂದು ಗಂಡುದನಿ ಸೇರಿತು: "ಮಾಟಗಾರ ಸಿಕ್ಕಿಬಿದ್ದ! ಟೈರ್ ತನ್ನಿ!" ಹಗ್ಗಗಳು ಒಳಕ್ಕೆ ಜಗ್ಗಿದವು. ಮವುಂಗು ಗೇಟಿನ ಕಾಸಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಗೋಡೆ ಹಾರಿದ್ದು ನೋಡಿದೆ. ಆ ಹೊಟ್ಟೆಯವನು ಅಷ್ಟೆತ್ತರ ಹಾರಬಲ್ಲ ಎಂದು ನನಗೆ ಗೊತ್ತಿರಲಿಲ್ಲ.

ನ್ಜೂಜಿ ಸುತ್ತ ನೋಡಿದ. ಎಲ್ಲಿ ಓಡುತ್ತಾನೋ ಎಂದುಕೊಂಡೆ. ಅವನು ಬಗ್ಗಿ, ಹಿಟ್ಟಿನ ಮೂಟೆ ಎತ್ತುವ ಹಾಗೆ ಎಬೆಂಗೊನ ತೊಡೆ ಕಂಕುಳು ಹಿಡಿದು ಹೆಗಲಿಗೆ ಹಾಕಿಕೊಂಡ. ಹಗ್ಗದ ಕೆಳಗಿಂದ ನುಸುಳಿ ಇಳಿದ. ಗಾಡಿ ಅಲ್ಲೇ ಅಖಾಡದ ಮಗ್ಗುಲಲ್ಲಿತ್ತು. ಎಬೆಂಗೊನನ್ನು ಅದರ ಮೇಲೆ ಕೂರಿಸಿದ. ಅರೆಪ್ರಜ್ಞೆಯಲ್ಲಿ ಅವನ ತಲೆ ತೂಗಾಡುತ್ತಿತ್ತು.

"ಲುಕೋಕಿ, ಊದೋ. ಏನಾದ್ರೂ ಊದು," ಅಂದ ನನಗೆ.

ನನ್ನ ತುಟಿಯಲ್ಲಿ ತೇವವಿರಲಿಲ್ಲ. ಮೊದಲ ಸ್ವರ ಕತ್ತೆ ಕಿರುಚಿದಂತೆ ಬಂತು. ಆಮೇಲೆ ಗೆದ್ದವನನ್ನು ಮನೆಗೆ ಮುಟ್ಟಿಸುವ ಧಾಟಿ ಹಿಡಿದೆ. ಡೋಲಿನವನೂ ಹೆದರುತ್ತ ಸೇರಿಕೊಂಡ. ಗಾಡಿ ಹೊರಟಿತು. ಕಲ್ಲು ಹಿಡಿದ ಕೈಗಳು ಎರಡೂ ಕಡೆ ಇದ್ದವು. ಗಾಡಿಯ ಮೇಲಿದ್ದವನಿಗೆ ಎಸೆದರೆ ತಳ್ಳುತ್ತಿದ್ದವನಿಗೆ ಬೀಳುತ್ತಿತ್ತು, ತಳ್ಳುತ್ತಿದ್ದವನ ಮುಖ ಸತ್ತವನದು. ಒಂದು ಕಲ್ಲು ಬಂತು, ಹಲಗೆಗೆ ಬಡಿದು ಸಿಡಿಯಿತು. ನ್ಜೂಜಿ ನಿಂತು ಆ ಕಡೆಗೆ ತಿರುಗಿದ. ಆ ಕಡೆಯ ಜನ ಒಬ್ಬರ ಮೇಲೊಬ್ಬರು ಬಿದ್ದು ಹಿಂದಕ್ಕೆ ಸರಿದರು. ಆಮೇಲೆ ಕಲ್ಲು ಬರಲಿಲ್ಲ.

ಎಬೆಂಗೊನ ಮನೆಯ ಮುಂದೆ ಬೊಲುಂಬು ಇಬ್ಬರು ಮಕ್ಕಳನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು, ಕೈಯಲ್ಲಿ ಒನಕೆ ಹಿಡಿದು ನಿಂತಿದ್ದಳು. ಗಂಡನನ್ನು ಗಾಡಿಯ ಮೇಲೆ ಕಂಡು ಸತ್ತನೆಂದೇ ತಿಳಿದು ಬಾಯಿ ಬಡಿದುಕೊಂಡಳು.

"ಬದುಕಿದಾರೆ ಅಕ್ಕ. ನೀರು ಹಾಕಿ," ಅಂದ ನ್ಜೂಜಿ. ನೀರು ಬಿದ್ದ ಮೇಲೆ ಎಬೆಂಗೊ ಕಣ್ಣು ಬಿಟ್ಟು, ಅಂಗಳದ ತುಂಬ ಜನ ಕಂಡು, ಮತ್ತೆ ಮುಚ್ಚಿದ. ಗುಂಪು ಬೇಲಿಯನ್ನು ಒತ್ತಿಕೊಂಡು ಬಂದಿತ್ತು. ಟೈರು ಹಿಡಿದ ಹುಡುಗರು ಮುಂದೆಯೇ ಇದ್ದರು. ಗಾಡಿ ಬಿಟ್ಟು ನ್ಜೂಜಿ ಮನೆಗೆ ಹೋದರೆ ಮುಂದೇನು ಎಂಬುದು ನಮಗೆಲ್ಲ ಗೊತ್ತಿತ್ತು.

ಅವನು ಅಂಗಳದಲ್ಲಿದ್ದ ಮಣೆಯ ಮೇಲೆ ಕೂತ.

"ಅಕ್ಕಾ, ಹಸಿವಾಗ್ತಿದೆ. ಏನಿದೆ?"

ಬೊಲುಂಬುವಿಗೆ ಅರ್ಥವಾಗಲಿಲ್ಲ. "ಯಾರಿಗೆ?"

"ನನಗೆ."

"ನಮ್ಮನೇಲಾ?"

"ಹೂಂ."

ಬೇಲಿಯಾಚೆ ಗುಜುಗುಜು ನಿಂತಿತು. ಮಾಟಗಾರನ ಮನೆಯ ಅನ್ನ ಉಣ್ಣುವುದು ಬಾವಿಗೆ ಹಾರುವುದಕ್ಕಿಂತ ಕೆಟ್ಟದ್ದು ಎಂದು ನಮ್ಮಲ್ಲಿ ಸಣ್ಣ ಮಗುವಿಗೂ ಗೊತ್ತು. ಅದು ಒಳಗೆ ಹೋಗಿ ಕೂರುತ್ತದೆ, ಆಮೇಲೆ ಯಾವಾಗ ಬೇಕಾದರೂ ಸಾವಿಗೆ ಕರೆಯುತ್ತದೆ. ಬೊಲುಂಬು ತಟ್ಟೆಯಲ್ಲಿ ಫುಫು ಮುದ್ದೆ, ಮರಗೆಣಸಿನ ಸೊಪ್ಪಿನ ಪೊಂಡು ತಂದಿಟ್ಟಳು.

ನ್ಜೂಜಿ ಕೈ ತೊಳೆದ. ಮುದ್ದೆ ಮುರಿದ. ಸೊಪ್ಪಿನಲ್ಲಿ ಅದ್ದಿದ. ಕೈ ಬಾಯಿಯ ಹತ್ತಿರ ಹೋಗಿ ನಿಂತಿತು. ಅಲ್ಲಿ ಎಷ್ಟು ಹೊತ್ತು ನಿಂತಿತೋ ನಾನು ಹೇಳಲಾರೆ. ಅವನ ಹಣೆಯಿಂದ ಬೆವರು ಸೊಪ್ಪಿನ ಮೇಲೆ ತೊಟ್ಟಿಕ್ಕಿತು. ಬೇಡ ಕಣೋ, ಎದ್ದು ಬಾ ಎಂದು ಕೂಗಬೇಕೆನ್ನಿಸಿತು ನನಗೆ. ಅವನು ಬಾಯಿಗಿಟ್ಟುಕೊಂಡ. ಗಂಟಲ ಗುಳ್ಳೆ ಮೇಲೆ ಹೋಗಿ ಕೆಳಗಿಳಿದದ್ದನ್ನು ಇಡೀ ಬೀದಿ ನೋಡಿತು.

ಎರಡನೇ ತುತ್ತು. ಮೂರನೇ ತುತ್ತು. ಎಬೆಂಗೊ ತೆವಳಿಕೊಂಡು ಬಂದು ಅದೇ ತಟ್ಟೆಗೆ ಕೈ ಹಾಕಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಉಂಡರು.

ಬೇಲಿಯ ಮೇಲೆ ಗಲ್ಲವೂರಿದ್ದ ಮುದುಕಿಯೊಬ್ಬಳು ತಡೆಯಲಾರದೆ ಕೇಳಿದಳು: "ಏನೇ ಬೊಲುಂಬು, ಪೊಂಡುಗೆ ಕಡಲೆಬೀಜ ಹಾಕಿದ್ಯೇನೇ?"

"ಹಾಕಿದೀನಿ ಅಜ್ಜಿ," ಅಂದಳು ಬೊಲುಂಬು, ಅಳುತ್ತ.

"ನೋಡಿದ್ರೇನೇ ಗೊತ್ತಾಗುತ್ತೆ, ಗಟ್ಟಿಯಾಗಿದೆ."

ಯಾರೋ ಕಿಸಕ್ಕನೆ ನಕ್ಕರು. ಟೈರು ಹಿಡಿದಿದ್ದ ಹುಡುಗ ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತು, ಆಮೇಲೆ ಉರುಳಿಸಿಕೊಂಡು ಹೋದ. ಜನ ಒಬ್ಬೊಬ್ಬರಾಗಿ ಕರಗಿದರು. ಹೋಗುವಾಗಲೂ ಹಿಂದೆ ತಿರುಗಿ ನೋಡುತ್ತಿದ್ದರು, ಇವನು ಈಗ ಬಿದ್ದಾನೋ, ಇನ್ನೊಂದು ಗಳಿಗೆಗೆ ಬಿದ್ದಾನೋ ಎಂದು.

ಮನೆಯ ದಾರಿಯಲ್ಲಿ ನ್ಜೂಜಿ ಎರಡು ಕಡೆ ನಿಂತು ಹೊಟ್ಟೆ ಒತ್ತಿ ನೋಡಿಕೊಂಡ. "ಇಲ್ಲಿ ಏನೋ ಆಗ್ತಿದೆ," ಅನ್ನುತ್ತಿದ್ದ. "ಹಸಿದ ಹೊಟ್ಟೆಗೆ ಬಿದ್ದಿದೆ, ಅದಕ್ಕೆ," ಅಂದೆ. ನನಗೂ ನಂಬಿಕೆ ಇರಲಿಲ್ಲ. ಮಾಪಾಸಾ ಅಮ್ಮ ಅವನನ್ನು ಕೂರಿಸಿ, ಬೆಲ್ಟು ಬಿಚ್ಚಿ, ಅಂಗೈಯಿಂದ ಹೊಟ್ಟೆಯೆಲ್ಲ ತಡವಿದಳು. ಎಲ್ಲಿ ಉಂಡೆ ಎಂದು ಕೇಳಲಿಲ್ಲ, ಸುದ್ದಿ ಗಾಡಿಗಿಂತ ಮುಂಚೆ ಬಂದಿತ್ತು. ದಿನಾ ಬೆಳಗ್ಗೆ ಅವನು ಏಳುವ ಮೊದಲೇ ಹಾಸಿಗೆಯ ಪಕ್ಕ ಕೂತು ಅವನ ಉಸಿರು ಕೇಳುತ್ತಿದ್ದಳು. ಹೀಗೆ ಮಳೆಗಾಲ ಕಳೆದು ಒಣಕಾಲ ಬಂತು. ಒಂದು ಬೆಳಗ್ಗೆ ಅವನು ಎದ್ದು ಬಂದು, "ಅಮ್ಮಾ, ಇನ್ನೊಂದು ಮುದ್ದೆ ಹಾಕು" ಎಂದಾಗ ಅವಳು 'ನ್ಸಿಂಬಾ' ಎಂದು ದೊಡ್ಡ ಮಗನ ಹೆಸರು ಹಿಡಿದು ಕೂಗಿ, ಒಲೆಯ ಮುಂದೆಯೇ ಕುಸಿದು, ಮನಸಾರೆ ಅತ್ತಳು. ಅವಳು ಅತ್ತ ಮೇಲೆ ವಠಾರವೆಲ್ಲ ಅತ್ತಿತು.

ಎಬೆಂಗೊ ಮತ್ತೆ ಅಖಾಡ ಹತ್ತಲಿಲ್ಲ. ಹೆಂಡತಿ ಮಕ್ಕಳೊಂದಿಗೆ ದೋಣಿ ಹತ್ತಿ ಮೇಲುನದಿಯ ಮ್ಬಾಂಡಾಕಾ ಕಡೆ ಹೋದ. ಅಲ್ಲಿ ಮೀನಿಗೆ ಹೊಗೆ ಹಾಕಿ ಮಾರುತ್ತಾನಂತೆ. ಗಂಟಿನಲ್ಲಿ ನಿಜವಾಗಿ ಏನಿತ್ತು, ಅದು ಏನಾದರೂ ಮಾಡಿತೇ ಎಂದು ಅವನಿಗೂ ಗೊತ್ತಾಗಲಿಲ್ಲ, ನಮಗೂ ಆಗಲಿಲ್ಲ.

ಬೆಲ್ಟನ್ನು ನ್ಜೂಜಿ ಮವುಂಗುವಿಗೆ ವಾಪಸು ಕೊಟ್ಟ. ಮವುಂಗು ನಾಲ್ಕು ಜನರ ನಡುವೆ ಕುಸ್ತಿ ಇಟ್ಟು ಹೊಸ ಚಾಂಪಿಯನ್ ಮಾಡಿದ. ಅಲ್ಲಿಂದ ಅದು ಕೈಯಿಂದ ಕೈಗೆ ಹೋಗಿದೆ. ಬಿಯರ್ ಅಂಗಡಿಯಲ್ಲಿ ಹಳಬರು ಪಟ್ಟದ ಸಾಲು ಹೇಳುವಾಗ ಕಿಲೋಲೋ, ಗಿಂಬೊಂಡೊ, ಇಯೆಲಿ, ಎಬೆಂಗೊ ಎಂದು ಬಂದು, "ಆಮೇಲೆ ನ್ಗಾಂಡೊ, ಎರಡು ಸಲ: ಬದುಕಿದ್ದಾಗ ಒಂದು, ಸತ್ತ ಮೇಲೆ ಒಂದು" ಅನ್ನುತ್ತಾರೆ. ನ್ಜೂಜಿಯ ಹೆಸರು ಆ ಸಾಲಿನಲ್ಲಿಲ್ಲ. ಅವನು ಪಕ್ಕದ ಬೆಂಚಿನಲ್ಲೇ ಕೂತು ಕೇಳಿಸಿಕೊಳ್ಳುತ್ತಾನೆ, ತಿದ್ದುವುದಿಲ್ಲ.

ಕಳೆದ ವರ್ಷ ಪಕ್ಕದ ಕಿಂಬಾನ್ಸೆಕೆ ಕೇರಿಯ ಕುಸ್ತಿ ಹೆಂಗಸೊಬ್ಬಳು, ಲುಜೋಲೋ ಅಂತ, ಪಟ್ಟದ ಪಂದ್ಯಕ್ಕೆ ಮುಂಚೆ ಅವನನ್ನು ಹುಡುಕಿಕೊಂಡು ಮಾರುಕಟ್ಟೆಗೆ ಬಂದಳು. ಗಂಡಸರ ಸೊಂಟದಿಂದ ಬೆಲ್ಟು ಬಿಚ್ಚಲು ಹೊರಟ ಮೊದಲ ಹೆಂಗಸು ಅವಳು. ಎತ್ತರದ ಆಳು, ಆದರೂ ದನಿ ತಗ್ಗಿಸಿ ಕೇಳಿದಳು.

"ಅಣ್ಣಾ, ಆ ಬೆಲ್ಟು ಕೆಟ್ಟದ್ದಾ?"

ನ್ಜೂಜಿ ಮೂಟೆ ಇಳಿಸಿದ. "ಗೊತ್ತಿಲ್ಲಮ್ಮ. ನಾನು ಕಟ್ಟಿಕೊಂಡಿದ್ದಷ್ಟು ಹೊತ್ತೂ ಹೆದರಿಕೆ ಇತ್ತು. ಬಿಚ್ಚಿದ ಮೇಲೂ ಇತ್ತು. ನಿಂಗೆ ಹೊಟ್ಟೆನೋವು, ಜ್ವರ ಬಂದ್ರೆ ಮಾತ್ರೆ ನುಂಗಿ ಮಲಗಬೇಡ. ಅವತ್ತೇ ಆಸ್ಪತ್ರೆಗೆ ಹೋಗು. ನಾನು ಗಾಡಿ ತರ್ತೀನಿ."

ಅವಳು ಗೆದ್ದಳು. ಬೆಲ್ಟು ಈಗಲೂ ಅವಳ ಹತ್ತಿರವೇ ಇದೆ, ಆರೋಗ್ಯವಾಗಿದ್ದಾಳೆ.